ಅಕ್ಕಿಯಿಲ್ಲದ ಬಾತಿನ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹೋಟೆಲುಗಳ ತಿಂಡಿಪಟ್ಟಿಯಲ್ಲಿ 'ಬಾತ್' ಸಾಮಾನ್ಯ. ಆದರೆ ಅದರ ಅರ್ಥ ಮಾತ್ರ ಒಂದೇ ಅಲ್ಲ. ವಾಂಗಿಬಾತ್, ಬಿಸಿಬೇಳೆ ಬಾತ್ ತರಿಸಿದರೆ ತಟ್ಟೆಯಲ್ಲಿ ಅನ್ನ ಬರುತ್ತದೆ. ಖಾರಾಬಾತ್, ಕೇಸರಿಬಾತ್ ಎಂದರೆ ಬರುವುದು ರವೆ. ಉಪ್ಪಿಟ್ಟು, ಶಿರಾ ಎಂಬ ಹೆಸರುಗಳಿಗೆ ಒಗ್ಗಿದ ಹುಬ್ಬಳ್ಳಿ–ಧಾರವಾಡದ ಪ್ರಯಾಣಿಕ ಇಲ್ಲಿ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ.

ಅನ್ನ ಎಂಬ ಅರ್ಥದ ಸಂಸ್ಕೃತದ 'ಭಕ್ತ' ಪದ ಪ್ರಾಕೃತದ ಮೂಲಕ ಮರಾಠಿಯಲ್ಲಿ 'ಭಾತ್' ಆಯಿತು. 'ವಾಂಗಿ' ಎಂದರೂ ಮರಾಠಿಯಲ್ಲಿ ಬದನೆಯೇ. ಹೀಗಾಗಿ ವಾಂಗಿಬಾತ್ ಎಂದರೆ ಬದನೆಕಾಯಿ ಅನ್ನ.

ಮರಾಠಿ ಮಾತು ಈ ಸೀಮೆಗೆ ಹೊಸದಲ್ಲ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದ ಬಳಿಕ ಆ ಪ್ರದೇಶ ಶಹಾಜಿಯ ಜಹಗೀರಾಯಿತು. ಕೋಲಾರವೂ ಅದರಲ್ಲಿ ಸೇರಿತ್ತು. 2007ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲೇ ಇದ್ದವು. ಚಿಂತಾಮಣಿಗೆ ಹೆಸರು ಬಂದದ್ದೇ ಚಿಂತಾಮಣಿ ರಾವ್ ಎಂಬ ಮರಾಠಾ ಸರದಾರನಿಂದ. ಮೈಸೂರು ಸಂಸ್ಥಾನದ ಲೆಕ್ಕಪತ್ರಗಳಲ್ಲೂ ಮರಾಠಿ ಬಹುಕಾಲ ಬಳಕೆಯಲ್ಲಿತ್ತು. ಕಚೇರಿಯ ಮಾತಿನೊಂದಿಗೆ ಅಡುಗೆಯ ಮಾತೂ ಬಂದಿತೆಂದು ಊಹಿಸಬಹುದು.

ಹಾಗಾದರೆ ಅಕ್ಕಿ ಹೋಗಿ ರವೆ ಬಂದದ್ದು ಹೇಗೆ? ಮಹಾರಾಷ್ಟ್ರದಲ್ಲಿ ಕೇಸರಿ ಹಾಕಿದ ಸಿಹಿ ಅನ್ನಕ್ಕೆ ಇಂದಿಗೂ 'ಕೇಶರಿ ಭಾತ್' ಎನ್ನುತ್ತಾರೆ. ಇಲ್ಲಿ ಅದೇ ಹೆಸರು ರವೆಯ ಸಿಹಿಗೆ ಅಂಟಿಕೊಂಡಿತು. ಇದು ರಾಗಿಯ ಸೀಮೆ. ಕನ್ನಡದ ಮನೆಗಳಲ್ಲಿ ಮುದ್ದೆ, ತೆಲುಗಿನ ಮನೆಗಳಲ್ಲಿ ಸಂಗಟಿ. ಅನ್ನ ಹಬ್ಬದ ಊಟವಾಗಿದ್ದ ಕಾಲದಲ್ಲಿ ಅನ್ನದ ಹೆಸರಿಗೂ ಒಂದು ಗೌರವ ಇದ್ದಿರಬೇಕು. ಮನೆಯ ಉಪ್ಪಿಟ್ಟೇ ತರಕಾರಿ, ಮಸಾಲೆ ಸೇರಿ ಹೋಟೆಲಿನಲ್ಲಿ ಖಾರಾಬಾತ್ ಆಗುವುದರ ಗುಟ್ಟು ಇದೇ ಎನ್ನಬಹುದು.

ಅಕ್ಕಿಯ ಜಾಗದಲ್ಲಿ ರವೆ ಬಂದದ್ದಕ್ಕೆ ಇನ್ನೊಂದು ಉದಾಹರಣೆ ಬೆಂಗಳೂರಿನಲ್ಲೇ ಉಂಟು. 1942ರಲ್ಲಿ ಜಪಾನ್ ಬರ್ಮಾವನ್ನು ಆಕ್ರಮಿಸಿ ಅಲ್ಲಿನ ಅಕ್ಕಿ ನಿಂತುಹೋಯಿತು. ಯುದ್ಧಕಾಲದ ಆ ಅಭಾವದಲ್ಲೇ ರವೆ ಇಡ್ಲಿ ಹುಟ್ಟಿತೆಂದು 1924ರಲ್ಲಿ ಆರಂಭವಾದ ಎಂ.ಟಿ.ಆರ್. ಹೇಳುತ್ತದೆ.

ಖಾರಾಬಾತ್, ಕೇಸರಿಬಾತ್ ಒಂದೇ ತಟ್ಟೆಗೆ ಬಂದರೆ ಅದು 'ಚೌಚೌ ಬಾತ್'. ಚೀನಾದ ಬಂದರುಗಳ ಬೆರಕೆ ಇಂಗ್ಲಿಷಿನಲ್ಲಿ 'ಚೌಚೌ' ಎಂದರೆ ನಾನಾ ಬಗೆ ಕೂಡಿದ್ದು. 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಅರ್ಥವನ್ನು ದಾಖಲಿಸಿದೆ.

ಪಟ್ಟಿಯಲ್ಲಿ ಬರೆದದ್ದು ತಪ್ಪೇನಲ್ಲ. ಅನ್ನ ಸುಲಭವಾಗಿ ಸಿಗದಿದ್ದ ನಾಡಿನಲ್ಲಿ ಅದರ ಹೆಸರಾದರೂ ಉಳಿದುಕೊಂಡಿದೆ. ಅನ್ನವೇ ಬೇಕಾದವರು ಮಾತ್ರ ಮಾಣಿಯನ್ನು ಒಮ್ಮೆ ಕೇಳಿಕೊಳ್ಳುವುದು ಲೇಸು.