ಹತ್ತಿಗೆ ಬಂದ ಬಿಟಿ ತೊಗರಿಗೆ ಯಾಕ ಬರಲಿಲ್ಲ?



ಮೊನ್ನೆ ಗೊಬ್ಬರ ತರಲು ಶಹಾಪುರಕ್ಕೆ ಹೋದಾಗ ಪಕ್ಕದೂರಿನ ಕಾಕಾ ಒಬ್ಬರು ಸಿಕ್ಕರು. "ತಮ್ಮಾ, ಬಿಟಿ ತೊಗರಿ ಬೀಜ ಬಂದದಂತ. ಕೀಡಿಗೆ ಎಣ್ಣಿ ಹೊಡಿಯೋದೇ ಬ್ಯಾಡಂತ. ರೊಕ್ಕ ಮಾತ್ರ ಜಾಸ್ತಿ ಕೇಳಾಕತ್ತಾರ. ತಗೊಳ್ಳಲೇನು?" ಅಂದರು. "ಬ್ಯಾಡ್ರಿ ಕಾಕಾ, ಅಂಥ ಬೀಜ ಮಾರಾಕ ನಮ್ಮ ದೇಶದಾಗ ಪರವಾನಗಿನೇ ಇಲ್ಲ" ಅಂದೆ. "ಹತ್ತಿಗೆ ಬಂದು ಇಪ್ಪತ್ತು ವರ್ಷದ ಮ್ಯಾಲಾತು, ತೊಗರಿಗೆ ಯಾಕ ಇಲ್ಲ?" ಅಂತ ತಿರುಗಿ ಕೇಳಿದರು. ಅಂಗಡಿ ಮುಂದೆ ನಿಂತು ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಬಿಟಿ ಕಥೆಯೊಳಗೆ ಎರಡು ಬ್ಯಾಕ್ಟೀರಿಯಾ ಇವೆ. ಒಂದು ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಬಿಟಿ ಅನ್ನುವ ಹೆಸರು ಇದರದೇ. ಕೀಡಿಯ ಹೊಟ್ಟೆ ಕೆಡಿಸುವ ಜೀನ್ ಇದರಿಂದ ಬಂದದ್ದು. ಇನ್ನೊಂದು ಅಗ್ರೋಬ್ಯಾಕ್ಟೀರಿಯಂ. ಆ ಜೀನನ್ನು ಗಿಡದೊಳಕ್ಕೆ ಒಯ್ಯುವುದು ಇದರ ಕೆಲಸ. ಮೊದಲನೆಯದು ಸರಕು, ಎರಡನೆಯದು ಬಂಡಿ.

ಈ ಬಂಡಿಯನ್ನು ಮನುಷ್ಯರು ಮಾಡಿದ್ದಲ್ಲ. ದ್ರಾಕ್ಷಿ, ಗುಲಾಬಿಯಂಥ ಗಿಡಗಳ ಬುಡದಲ್ಲಿ ಗಂಟು ಕಟ್ಟುವ ರೋಗ ಒಂದಿದೆ. ಅದಕ್ಕೆ ಮಣ್ಣಿನ ಈ ಬ್ಯಾಕ್ಟೀರಿಯಾವೇ ಕಾರಣ ಅಂತ 1907ರಲ್ಲಿ ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್ ತೋರಿಸಿದರು. ಗಂಟು ಹೇಗೆ ಆಗುತ್ತದೆ ಅನ್ನುವುದು ತಿಳಿಯಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ಮತ್ತು ಜೊತೆಗಾರರು, ಬ್ಯಾಕ್ಟೀರಿಯಾ ತನ್ನ ಡಿಎನ್ಎದ ಒಂದು ತುಂಡನ್ನೇ ಗಿಡದ ಡಿಎನ್ಎಗೆ ಸೇರಿಸುತ್ತದೆ ಅಂತ ಕಂಡುಕೊಂಡರು. ಹಾಗಾದರೆ ಗಂಟು ಕಟ್ಟಿಸುವ ಜೀನ್ ಇಳಿಸಿ ನಮಗೆ ಬೇಕಾದ ಜೀನ್ ಹೇರಿದರಾಯಿತು ಅಂತ ಹಲವು ಪ್ರಯೋಗಾಲಯಗಳು ಹಿಂದೆ ಬಿದ್ದವು. 1983ರಲ್ಲಿ ತಂಬಾಕಿನ ಜಾತಿಯ ಗಿಡಗಳಲ್ಲಿ ಅದು ಕೈಗೂಡಿತು.

ಆದರೆ ಎಲ್ಲಾ ಗಿಡ ತಂಬಾಕಿನ ಹಾಗೆ ಅಲ್ಲ. ಈ ಬಂಡಿ ಎರಡು ಬಾಗಿಲು ದಾಟಬೇಕು.

ಮೊದಲನೆಯದು ಒಳಗೆ ಹೋಗುವ ಬಾಗಿಲು. ಗಿಡಕ್ಕೆ ಗಾಯವಾದಾಗ ಒಸರುವ ರಸದಲ್ಲಿ ಕೆಲವು ವಸ್ತುಗಳಿರುತ್ತವೆ. ಅದರ ವಾಸನೆ ಹಿಡಿದ ಹಾಗೆ ಬ್ಯಾಕ್ಟೀರಿಯಾ ಎಚ್ಚರಗೊಂಡು ಜೀನ್ ಕಳಿಸುತ್ತದೆ. ಭತ್ತ, ಜೋಳ, ಗೋಧಿಯಂಥ ಹುಲ್ಲಿನ ಜಾತಿಗೆ ಈ ರೋಗ ಸಹಜವಾಗಿ ತಗಲುವುದೇ ಇಲ್ಲ. ಬಹಳ ದಿನ ಈ ಬೆಳೆಗಳಿಗೆ ಬಂಡಿ ಹೋಗೋದಿಲ್ಲ ಅಂತಲೇ ಹೆಚ್ಚಿನವರು ತಿಳಿದಿದ್ದರು. 1994ರಲ್ಲಿ ಜಪಾನಿನವರು ಆ ಗಾಯದ ರಸದ ವಸ್ತುವನ್ನು ಹೊರಗಿನಿಂದ ಬೆರೆಸಿ, ಸರಿಯಾದ ಎಳೇ ಭಾಗ ಆರಿಸಿಕೊಂಡು, ಭತ್ತಕ್ಕೆ ಜೀನ್ ದಾಟಿಸಿದರು.

ಎರಡನೆಯದು ಹೊರಗೆ ಬರುವ ಬಾಗಿಲು. ಜೀನ್ ಹೋಗುವುದು ಒಂದೊಂದು ಜೀವಕೋಶಕ್ಕೆ. ಆ ಒಂದು ಕೋಶದಿಂದ ಪೂರ್ತಿ ಗಿಡ ಏಳಬೇಕು, ಬೀಜ ಕಟ್ಟಬೇಕು. ಹೊಲದ ಲೆಕ್ಕದಲ್ಲಿ ಹೇಳುವುದಾದರೆ: ಕಬ್ಬಿನ ತುಂಡು ಊರಿದರೆ ಕಬ್ಬು ಬರುತ್ತದೆ, ನುಗ್ಗಿ ಟೊಂಗೆ ನೆಟ್ಟರೆ ಚಿಗುರುತ್ತದೆ, ತೊಗರಿ ಕಟ್ಟಿಗೆ ನೆಟ್ಟರೆ ಒಲೆಗೇ ಆಗುತ್ತದೆ. ಪ್ರಯೋಗಾಲಯದ ಬಾಟಲಿಯೊಳಗೂ ಹೆಚ್ಚು ಕಡಿಮೆ ಹಂಗೇ. ತೊಗರಿಯ ತುಣುಕಿನೊಳಗೆ ಜೀನ್ ಹೋದರೂ ಆ ತುಣುಕು ಸುಲಭಕ್ಕೆ ಗಿಡವಾಗಿ ಏಳುವುದಿಲ್ಲ. ತೊಗರಿ ಬಗ್ಗದಿರುವುದು ಮುಖ್ಯವಾಗಿ ಇಲ್ಲಿ.

ಹತ್ತಿಯೂ ಇದೇ ಜಾತಿಯ ಹಟಮಾರಿ. ಬಹುಪಾಲು ಹತ್ತಿ ತಳಿಗಳು ಬಾಟಲಿಯೊಳಗೆ ಗಿಡವಾಗುವುದಿಲ್ಲ. ಆದರೆ ಅಮೆರಿಕದ ಕೋಕರ್-312 ಅನ್ನುವ ತಳಿ ಮಾತು ಕೇಳಿತು. 1987ರಲ್ಲಿ ಅಮೆರಿಕದವರು ಬೇರೆ ಜೀನ್ ಹಾಕಿದ ಹತ್ತಿ ಗಿಡ ಬೆಳೆಸಿ ತೋರಿಸಿದರು. ಮುಂದೆ ಬೋಲ್‌ಗಾರ್ಡ್ ಬಿಟಿ ಜೀನ್ ಸೇರಿದ್ದು ಕೋಕರ್-312ರ ಗಿಡಕ್ಕೆ. ಆಮೇಲೆ ಬಂಡಿಯ ಹಂಗು ಬೇಕಾಗಲಿಲ್ಲ. ಆ ಸಂತತಿಯನ್ನು ಇಲ್ಲಿಯ ತಳಿಗಳ ಜೊತೆ ಮತ್ತೆ ಮತ್ತೆ ಅಡ್ಡ ಹಾಯಿಸಿ ಹೈಬ್ರಿಡ್ ಮಾಡಿದರು. 2002ರ ಮಾರ್ಚಿನಲ್ಲಿ ಮೂರು ಹೈಬ್ರಿಡ್‌ಗಳಿಗೆ ಕೇಂದ್ರದ ಜಿಇಎಸಿ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಒಪ್ಪಿಗೆ ಸಿಕ್ಕ ಬೋಲ್‌ಗಾರ್ಡ್-2 ಅದೇ ವಂಶಕ್ಕೆ ಇನ್ನೊಂದು ಜೀನ್ ಸೇರಿಸಿದ್ದು. ಅಂದರೆ ನಮ್ಮ ಕಾಲುವೆ ಕೆಳಗಿನ ಯರಿ ಹೊಲದಲ್ಲಿ ನಿಂತ ಹತ್ತಿಯ ಬಹುಪಾಲು, ಒಂದು ಬಗ್ಗಿದ ತಳಿಯ ಬಾಗಿಲಿನಿಂದ ಹಾದು ಬಂದದ್ದು. ತೊಗರಿಗೆ ಅಂಥ ಒಂದು ಕೋಕರ್ ಸಿಗಲಿಲ್ಲ.

ಹಾಗಂತ ಯಾರೂ ಸುಮ್ಮನೆ ಕೂತಿರಲಿಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರು ಬಿಟಿ ಜೀನ್ ಸೇರಿದ ತೊಗರಿ ಗಿಡಗಳನ್ನು ಮಾಡಿ 2006ರಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದೊಳಗೂ ಕೆಲಸ ನಡೆದಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯವರು ಎರಡನೇ ಬಾಗಿಲನ್ನೇ ತಪ್ಪಿಸುವ ಉಪಾಯ ಹೂಡಿದರು. ಬಾಟಲಿ ಬ್ಯಾಡ, ಮೊಳಕೆಯೊಡೆದ ಬೀಜವನ್ನೇ ಹಿಡಿ. ಚಿಗುರು ಏಳುವ ಜಾಗಕ್ಕೆ ಸೂಜಿ ಚುಚ್ಚಿ ಗಾಯ ಮಾಡು, ಬ್ಯಾಕ್ಟೀರಿಯಾ ನೀರಿನಲ್ಲಿ ನೆನೆಸು, ಆಮೇಲೆ ಮಣ್ಣಿಗೆ ಹಚ್ಚು. ಗಿಡ ಹೇಗೂ ತಾನೇ ಬೆಳೆಯುತ್ತದೆ. ತೊಗರಿಗೆ, ಹತ್ತಿಗೆ ಎರಡಕ್ಕೂ ಈ ವಿಧಾನವನ್ನು ಅವರು 2008ರಲ್ಲಿ ಪ್ರಕಟಿಸಿದರು. ಇದರಲ್ಲೂ ಒಂದು ತೊಡಕಿದೆ. ಅಂಥ ಗಿಡದ ಒಂದು ಟೊಂಗೆಯಲ್ಲಿ ಜೀನ್ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಮುಂದಿನ ಪೀಳಿಗೆಯ ಸಸಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಆರಿಸಬೇಕು.

ಗಿಡ ಬಗ್ಗಿದರೂ ಮುಗಿಯಲಿಲ್ಲ. ತೊಗರಿ ಉಣ್ಣುವ ಬೆಳೆ. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರವೇ ತಡೆ ಹಾಕಿದ್ದು ನಿಮಗೆ ನೆನಪಿರಬಹುದು. ತೊಗರಿಯ ಜೀನ್ ನಕ್ಷೆಯನ್ನು 2011ರಲ್ಲಿ ಓದಿ ಮುಗಿಸಿದರು. ಆದರೆ ಓದುವುದು ಬೇರೆ, ಒಳಗೆ ಕೈ ಹಾಕಿ ಹೊಸದು ಬರೆಯುವುದು ಬೇರೆ.

ಇಷ್ಟೆಲ್ಲಾ ನಡೆಯುವಾಗ ತೊಗರಿ ಸುಧಾರಿಸಲೇ ಇಲ್ಲ ಅಂತಲ್ಲ. ನೆಟೆ ರೋಗ ತಡೆಯುವ ಮಾರುತಿ ತಳಿ 1980ರ ದಶಕದಲ್ಲೇ ನಮ್ಮ ರಾಜ್ಯಕ್ಕೆ ಬಂತು. ಆಮೇಲೆ ಟಿಎಸ್-3ಆರ್ ಬಂತು. ಇವೆಲ್ಲ ಬಂಡಿಯಿಂದ ಬಂದವಲ್ಲ, ಆರಿಸಿ ಆರಿಸಿ ಪಡೆದವು. ಆದರೆ ಕಾಯಿಕೊರಕ ತಡೆಯುವ ಗುಣ ಹೀಗೆ ಆರಿಸಿದರೆ ಗಟ್ಟಿಯಾಗಿ ಕೈಗೆ ಸಿಗಲಿಲ್ಲ. ಬಿಟಿ ಆಸೆ ಹುಟ್ಟಿದ್ದೇ ಅದಕ್ಕೆ. ಆ ಆಸೆ ತಪ್ಪಲ್ಲ. ಆಸೆಯ ಮೇಲೆ ರೊಕ್ಕ ಕೀಳುವವರು ತಪ್ಪು. ಇನ್ನು ಹತ್ತಿಯ ಕಡೆ ನೋಡಿದರೆ, ಗುಲಾಬಿ ಕೀಡಿ ಬೋಲ್‌ಗಾರ್ಡ್-2ನ್ನೂ ಅರಗಿಸಿಕೊಂಡಿದೆ. ಒಂದು ವೇಳೆ ನಾಳೆ ಬಿಟಿ ತೊಗರಿ ಬಂದರೂ ಹೊಲ ನೋಡುವ ಕೆಲಸ ತಪ್ಪುವುದಿಲ್ಲ.

ಕಡೆಗೆ ಮೂರು ಮಾತು. "ಬಿಟಿ ತೊಗರಿ" ಅಂದರೆ ಕೊಳ್ಳಬ್ಯಾಡ್ರಿ. ಯಾವ ತೊಗರಿ ಬೀಜ ತಂದರೂ ಚೀಲದ ಚೀಟಿಯಲ್ಲಿ ತಳಿಯ ಹೆಸರು ಓದ್ರಿ, ಬಿಲ್ ಇಟ್ಟುಕೊಳ್ರಿ. ಅನುಮಾನ ಬಂದರೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲೋ ಕೇಳ್ರಿ. ಹೂವು ಬಿದ್ದ ದಿನದಿಂದ ಮೋಹಕ ಬಲೆ ಕಟ್ರಿ, ಮೊಟ್ಟೆ ಕಂಡಾಗಲೇ ಬೇವಿನ ಬೀಜದ ಕಷಾಯ ಹೊಡಿರಿ, ಕೀಡಿ ದೊಡ್ಡವಾದರೆ ಗಿಡ ಅಲುಗಿಸಿ ತಾಡಪತ್ರಿ ಮೇಲೆ ಉದುರಿಸ್ರಿ.

ಕಾಕಾಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. "ಹಂಗಾರ ಆ ರೊಕ್ಕದಾಗ ಬಲಿ ತರ್ತೀನಿ ಬಿಡು" ಅಂದರು.