ಒಂದೇ ಗುಳಿಗೆ, ಬೇರೆ ಬೇರೆ ಮೈ

ಬೂಷ್ಟು ಹಿಡಿದ ಅಕ್ಕಿಯನ್ನು ನಾವು ಕಸಕ್ಕೆ ಸುರಿಯುತ್ತೇವೆ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಮೊದಲ ಸ್ಟ್ಯಾಟಿನ್ ಔಷಧವನ್ನು ಕಂಡದ್ದು ಕ್ಯೋಟೋದ ಅಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕ ಬೂಷ್ಟಿನಿಂದಲೇ. ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದನ್ನು ಅದು ತಗ್ಗಿಸುತ್ತದೆ. 1987ರಲ್ಲಿ ಅಮೆರಿಕ ಲೋವಾಸ್ಟ್ಯಾಟಿನ್‌ಗೆ ಅನುಮತಿ ಕೊಟ್ಟಿತು. ಮುಂದೆ ಈ ಗುಳಿಗೆಗಳು ಎಷ್ಟೋ ಜೀವ ಉಳಿಸಿದವು. ಕೆಲವರಿಗೆ ಮಾತ್ರ ಮಾಂಸಖಂಡದ ನೋವು ತಂದವು.

ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೇಕೆ ಒಗ್ಗದು? 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಕಾರಣ ಹೇಳಿದರು. ಔಷಧವನ್ನು ರಕ್ತದಿಂದ ಯಕೃತ್ತಿನೊಳಕ್ಕೆ ಬಿಡುವ ಬಾಗಿಲನ್ನು ರೂಪಿಸುವುದು ಎಸ್‌ಎಲ್‌ಸಿಒ1ಬಿ1 ಎಂಬ ವಂಶವಾಹಿ. ಅದರ ಒಂದು ರೂಪಭೇದ ಹೊತ್ತವರಲ್ಲಿ ಬಾಗಿಲು ಸರಿಯಾಗಿ ತೆರೆಯದೆ, ಸಿಮ್ವಾಸ್ಟ್ಯಾಟಿನ್ ರಕ್ತದಲ್ಲೇ ಹೆಚ್ಚು ಉಳಿದು ಮಾಂಸಖಂಡವನ್ನು ಕಾಡುತ್ತದೆ.

ಎಲ್ಲ ನೋವೂ ಗುಳಿಗೆಯದಲ್ಲ, ನಿಜ. ಆದರೆ ನೋವೆಂದವರನ್ನು ‘ವಯಸ್ಸಾಯಿತು’ ಎಂದು ಸುಮ್ಮನಾಗಿಸಬಾರದು. ಅವರೂ ತಾವಾಗಿ ಗುಳಿಗೆ ಬಿಡದೆ ವೈದ್ಯರಿಗೆ ಹೇಳಲಿ. ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು.