ಊಟಿಯ ಕೆರೆಗಳನ್ನು ಕಟ್ಟಿದವರು

ಲಾಂಗ್ ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಅರ್ಧ ಐಟಿ ಜನ ಬಂಡೀಪುರ ದಾಟಿ ಊಟಿಯಲ್ಲಿರ್ತಾರೆ. ಕಾರಲ್ಲಿ ಒಂದು ಬೈನಾಕ್ಯುಲರ್, ಲಿಸ್ಟಲ್ಲಿ ಪೈಕಾರಾ, ಎಮರಾಲ್ಡ್, ಅವಲಾಂಚ್. ಸಂಜೆಗೆ ಕೆರೆಯ ಫೋಟೋ, ಅದರ ಕೆಳಗೆ "ಪ್ಯೂರ್ ನೇಚರ್" ಅನ್ನೋ ಕ್ಯಾಪ್ಷನ್. ಆದರೆ ಈ ಲಿಸ್ಟಿನಲ್ಲಿರುವ ಒಂದು ಕೆರೆಯೂ ನೇಚರ್ ಮಾಡಿದ್ದಲ್ಲ.

ಮೊದಲನೆಯದು ಊಟಿಯ ಬೋಟ್‌ಹೌಸ್ ಕೆರೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಬೆಟ್ಟದ ತೊರೆಗಳಿಗೆ ಅಡ್ಡಕಟ್ಟೆ ಹಾಕಿ ಮಾಡಿಸಿದ್ದು. ಆಗ ಅದು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಇವತ್ತಿನ ಬಸ್ ಸ್ಟ್ಯಾಂಡು, ರೇಸ್‌ಕೋರ್ಸು ಎರಡೂ ಆ ಕೆರೆಯ ಅಂಗಳದಲ್ಲೇ ಇವೆ. ಕೆರೆ ನುಂಗಿ ಬಸ್ ಸ್ಟ್ಯಾಂಡ್ ಮಾಡೋ ವಿದ್ಯೆ ಬೆಂಗಳೂರಿನವರಿಗೆ ಮಾತ್ರ ಗೊತ್ತು ಅಂದ್ಕೊಂಡಿದ್ದರೆ ಬಿಟ್ಟುಬಿಡಿ.

ಉಳಿದ ಕೆರೆಗಳೆಲ್ಲ ಕರೆಂಟಿನ ಮಕ್ಕಳು. ಮದ್ರಾಸ್ ಸರ್ಕಾರದ ಪೈಕಾರಾ ಯೋಜನೆ 1932ರಲ್ಲಿ ವಿದ್ಯುತ್ ಕೊಡಲು ಶುರು ಮಾಡಿತು. ನದಿಯ ನೀರನ್ನು ಬೆಟ್ಟದ ಅಂಚಿನಿಂದ ಪೈಪಿನಲ್ಲಿ ಸುಮಾರು 3,000 ಅಡಿ ಕೆಳಗೆ, ಮಸಿನಗುಡಿ ಹತ್ತಿರದ ಸಿಂಗಾರಾಕ್ಕೆ ಬಿಟ್ಟರು. ನೀರು ಕಮ್ಮಿಯಿದ್ದರೂ ಪರವಾಗಿಲ್ಲ, ಬೀಳುವ ಎತ್ತರ ಇದ್ದರೆ ಸಾಕು ಅನ್ನುವ ಲೆಕ್ಕ. ಆ ಅಗ್ಗದ ಕರೆಂಟಿನಿಂದಲೇ 1930ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಹತ್ತಿ ಮಿಲ್ಲುಗಳು ಸಾಲುಸಾಲಾಗಿ ಎದ್ದವು. ಬೇಸಿಗೆಗೂ ನೀರಿರಲಿ ಅಂತ ಮೇಲೆ 1938ರಲ್ಲಿ ಮುಕುರ್ತಿ ಅಣೆಕಟ್ಟು ಬಂತು. ಸ್ವಾತಂತ್ರ್ಯದ ನಂತರ ಕುಂದಾ ಯೋಜನೆ. ಎಮರಾಲ್ಡ್, ಅವಲಾಂಚ್, ಅಪ್ಪರ್ ಭವಾನಿ ಹುಟ್ಟಿದ್ದು ಅದರಿಂದ. ಕೊಲಂಬೊ ಪ್ಲಾನ್ ಅಡಿಯಲ್ಲಿ ಅದಕ್ಕೆ ಕೈಜೋಡಿಸಿದ್ದು ಕೆನಡಾ! ಪೈಕಾರಾ ಜಲಪಾತ ಇವತ್ತು ಧುಮ್ಮಿಕ್ಕುತ್ತೋ, ಬರೀ ಬಂಡೆ ತೋರಿಸುತ್ತೋ ಅನ್ನೋದರಲ್ಲಿ ಮಳೆಗೆಷ್ಟು ಪಾಲಿದೆಯೋ ಅಣೆಕಟ್ಟಿಗೂ ಅಷ್ಟೇ ಇದೆ.

ಇಂಜಿನಿಯರ್ ಆಗಿ ಈ ಕೆಲಸ ನೋಡಿದರೆ ನನಗೆ ಹೆಮ್ಮೆಯೇ ಆಗುತ್ತೆ. ಆದರೆ ಈ ನದಿಗಳಿಗೆ ಅದಕ್ಕೂ ಹಿಂದೆ ಬೇರೆ ವಾರಸುದಾರರಿದ್ದರು. ತೋಡರಿಗೆ ಪೈಕಾರಾ, ಅವಲಾಂಚ್ ಎರಡೂ ದೇವರ ನದಿಗಳು. ಡಬ್ಲ್ಯೂ. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ವಿವರ ಇದೆ: ಈ ನದಿ ದಾಟುವಾಗ ತೋಡರು ಹೊದ್ದ ಬಟ್ಟೆಯಿಂದ ಬಲಗೈ ಹೊರಗೆ ತೆಗೆಯುತ್ತಿದ್ದರು. ಗೌರವ ಸೂಚಿಸುವ ರೀತಿ ಅದು. ಈಗ ನಾವು ಅದೇ ಪೈಕಾರಾದ ಮೇಲೆ ಸ್ಪೀಡ್‌ಬೋಟ್ ಓಡಿಸ್ತೀವಿ. ನಮ್ಮ ಹಳ್ಳಿ ಕಡೆ ಕೆರೆ ಅಂದ್ರೆ ಕಟ್ಟಿಸಿದವರ ಹೆಸರು, ಏರಿ ಮೇಲೊಂದು ದೇವರು ಇರುತ್ತೆ. ಇಲ್ಲಿ ಟಿಕೆಟ್ ಕೌಂಟರ್ ಇದೆ.

ಇನ್ನು ಹಕ್ಕಿಗಳು. ನೀಲಗಿರಿ ಲಾಫಿಂಗ್‌ಥ್ರಶ್‌ಗೆ ವೈಜ್ಞಾನಿಕ ಹೆಸರು ಕೊಟ್ಟಿದ್ದು ಟಿ. ಸಿ. ಜೆರ್ಡನ್, 1839ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಆತ. ನೀಲಗಿರಿ ಫ್ಲೈಕ್ಯಾಚರ್, ಶೋಲಾದ ಪುಟ್ಟ ನೀಲಿ ಹಕ್ಕಿ ಶೋಲಾಕಿಳಿ, ಇವಕ್ಕೂ ಹೆಸರಿಟ್ಟವನು ಆತನೇ. ಆದರೆ ಶೋಲಾಕಿಳಿಗಳು ತಮ್ಮದೇ ಬೇರೆ ಕುಲ ಅಂತ ಡಿಎನ್‌ಎ ನೋಡಿ ಶೋಲಿಕೋಲಾ ಎಂಬ ಹೊಸ ಹೆಸರು ಕೊಟ್ಟಿದ್ದು 2017ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಬೆಟ್ಟದ ನೆತ್ತಿಯ ಕಾಡುಗಳು ಸಮುದ್ರದ ನಡುವಿನ ದ್ವೀಪಗಳ ಹಾಗೆ. ಪಾಲಕ್ಕಾಡ್ ಕಣಿವೆ ದಾಟಲಾಗದೆ ಆಚೀಚೆಯ ಹಕ್ಕಿಗಳು ಬೇರೆ ಬೇರೆಯೇ ಆಗಿಬಿಟ್ಟಿವೆ.

ನನಗೆ ಹೆಚ್ಚು ಚಿಂತೆ ಇರೋದು ನೀಲಗಿರಿ ಪಿಪಿಟ್ ಬಗ್ಗೆ. ನೋಡೋಕೆ ಗುಬ್ಬಿಯಂಥದ್ದು, ಯಾರೂ ಫೋಟೋ ತೆಗೆಯಲ್ಲ. ಅದಕ್ಕೆ ಬೇಕಿರೋದು ಮರವಲ್ಲ, ಹುಲ್ಲು. ಬ್ರಿಟಿಷರಿಗೆ ಬರಿ ಹುಲ್ಲು ಪಾಳುಭೂಮಿಯಾಗಿ ಕಂಡಿತು. ಸೌದೆಗೆ ಅಂತ ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರ ತಂದು ನೆಟ್ಟರು. ನಾವೂ ಅದನ್ನೇ ಮುಂದುವರಿಸಿದೆವು. ಎಂಥಾ ವಿಚಿತ್ರ ನೋಡಿ, ಆ ಪರದೇಶಿ ಮರಕ್ಕೆ ಕನ್ನಡದಲ್ಲಿ "ನೀಲಗಿರಿ" ಅಂತಲೇ ಹೆಸರು. ರೀಲ್ಸ್‌ಗೆ ಜನ ಮುಗಿಬೀಳುವ ಪೈನ್ ಫಾರೆಸ್ಟ್ ಕೂಡ ನೆಟ್ಟಿದ್ದೇ. ಅದೇ ರಸ್ತೆಯ ಶೂಟಿಂಗ್ ಸ್ಪಾಟಿನ ಬೋಳು ಹುಲ್ಲುಗುಡ್ಡಗಳೇ ಹಳೆಯ ನೀಲಗಿರಿಯ ಉಳಿದ ಚೂರುಗಳು. ಅಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಿ.

ವಾಪಸ್ ಬರುವಾಗ ಮಸಿನಗುಡಿಯ ಮರವಕಂಡಿ ಅಣೆಕಟ್ಟೆಯಲ್ಲೂ ಹಕ್ಕಿ ನೋಡಬಹುದು. ಅಲ್ಲಿ ನಿಂತಿರೋದು ಸಿಂಗಾರಾದಲ್ಲಿ ಟರ್ಬೈನ್ ತಿರುಗಿಸಿ ಬಂದ ಪೈಕಾರಾ ನೀರು. ಮುಂದೆ ಮೋಯಾರ್‌ನಲ್ಲಿ ಇನ್ನೊಂದು ಸಲ ಟರ್ಬೈನ್ ತಿರುಗಿಸಿ, ಬಂಡೀಪುರದ ಗಡಿಯ ಕಂದರದೊಳಗೆ ಇಳಿದು, ಭವಾನಿಸಾಗರದ ಕಡೆ ಹೊರಡುತ್ತೆ.